ಉಬ್ಬಸ ಇರುವ ಮನೆಯಲ್ಲಿ ಕಾರ್ಪೆಟ್: ಎಸೆಯುವ ಮುಂಚೆ ಓದಿ

‘ಮಗಳಿಗೆ ಉಬ್ಬಸ. ಹಾಲ್‌ನಲ್ಲಿರುವ ಕಾರ್ಪೆಟ್ ತೆಗೆದುಬಿಡಬೇಕಾ?’ ‘ಡಸ್ಟ್ ಅಲರ್ಜಿಗೆ ಯಾವ ವ್ಯಾಕ್ಯೂಮ್ ಕ್ಲೀನರ್ ಒಳ್ಳೆಯದು?’ ಮಳೆಗಾಲ ಶುರುವಾದಾಗೊಮ್ಮೆ, ಹಬ್ಬಕ್ಕೆ ಮನೆ ಗುಡಿಸಿ ಸಾರಿಸುವಾಗೊಮ್ಮೆ ಓದುಗರಿಂದ ಈ ಎರಡು ಪ್ರಶ್ನೆ ತಪ್ಪದೆ ಬರುತ್ತವೆ. ಒಬ್ಬೊಬ್ಬರಿಗೆ ತುಂಡುತುಂಡಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮಲಗುವ ಕೋಣೆಯಲ್ಲಿ ಕಾರ್ಪೆಟ್ ಇದ್ದರೆ ತೆಗೆಯಿರಿ, ಅದರಲ್ಲಿ ಎರಡು ಮಾತಿಲ್ಲ. ಹಾಲ್‌ನಲ್ಲಿರುವುದನ್ನು ಸರಿಯಾಗಿ ನೋಡಿಕೊಳ್ಳುವ ತಾಳ್ಮೆ ಇದ್ದರೆ ಇಟ್ಟುಕೊಳ್ಳಬಹುದು. ಆದರೆ ಕಾರ್ಪೆಟ್ ಒಂದನ್ನೇ ಹೊರಗೆ ಹಾಕಿ, ರಾತ್ರಿ ಮಾತ್ರ ಹತ್ತು ವರ್ಷದ ಹಳೇ ಹತ್ತಿ ಹಾಸಿಗೆಯ ಮೇಲೇ ಮಗುವನ್ನು ಮಲಗಿಸಿದರೆ ಪ್ರಯೋಜನ ಅಷ್ಟಕ್ಕಷ್ಟೆ. ನೀವು ಅತಿ ಹೆಚ್ಚು ಹೊತ್ತು ಮುಖ ಒತ್ತಿ ಉಸಿರಾಡುವ ಜಾಗ ದಿಂಬು, ಕಾರ್ಪೆಟ್ಟಲ್ಲ. ಹಾಗಾಗಿ ಕೆಳಗಿನ ಹಂತಗಳ ಕ್ರಮ ಬದಲಿಸಬೇಡಿ.

ಶುರು ಮಾಡುವ ಮುಂಚೆ ನಾಲ್ಕು ಮಾತು ಗೊತ್ತಿರಲಿ. ‘ಅಲರ್ಜನ್’ ಎಂದರೆ ಅಲರ್ಜಿ ಕೆರಳಿಸುವ ವಸ್ತು. ಹೆಚ್ಚಿನ ಸಲ ಅದೊಂದು ಪ್ರೋಟೀನು. ‘ಧೂಳಿನ ನುಸಿ’ ಅಥವಾ ಡಸ್ಟ್ ಮೈಟ್ ಎಂಬುದು ಎಂಟು ಕಾಲಿನ, ಮಿಲಿಮೀಟರಿನ ಮೂರನೇ ಒಂದು ಭಾಗಕ್ಕಿಂತ ದೊಡ್ಡದಾಗದ ಜೀವಿ. ಇದು ತಿಗಣೆಯಲ್ಲ, ಕಚ್ಚುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದು ಬದುಕುತ್ತದೆ. ನಮಗೆ ತೊಂದರೆ ಕೊಡುವುದು ಮುಖ್ಯವಾಗಿ ಅದರ ಹಿಕ್ಕೆ. ಮನೆ ಧೂಳಿನ ಅಲರ್ಜಿಗೆ ನುಸಿಯೇ ದೊಡ್ಡ ಕಾರಣ ಎಂಬುದನ್ನು ನೆದರ್ಲೆಂಡ್ಸ್‌ನ ಲೈಡನ್ ನಗರದ ಸಂಶೋಧಕರು ತೋರಿಸಿಕೊಟ್ಟದ್ದು 1960ರ ದಶಕದಲ್ಲಿ. ‘ಸಾಪೇಕ್ಷ ತೇವಾಂಶ’ ಎಂದರೆ ಈಗಿನ ಉಷ್ಣತೆಯಲ್ಲಿ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ನೀರಾವಿಯಲ್ಲಿ ಎಷ್ಟು ಪಾಲು ಅದರಲ್ಲಿದೆ ಎಂಬ ಶೇಕಡಾವಾರು ಲೆಕ್ಕ. ‘ಹೆಪಾ’ ಎಂಬುದು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಕನಿಷ್ಠ ಶೇ 99.97ರಷ್ಟನ್ನು ಹಿಡಿಯುವ ಸೋಸುಕದ ಮಟ್ಟ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ.

ಬೇಕಾದ ಸಾಮಾನು ಹೆಚ್ಚಿಲ್ಲ: ತೇವಾಂಶ ತೋರಿಸುವ ಚಿಕ್ಕ ಡಿಜಿಟಲ್ ಹೈಗ್ರೋಮೀಟರ್, ಹಾಸಿಗೆ ಮತ್ತು ದಿಂಬಿಗೆ ಜಿಪ್ ಇರುವ ನುಸಿ ತಡೆಯುವ ಕವರ್, ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಕ್ಲೀನರ್, ಎನ್95 ಮಾಸ್ಕ್, ಒಂದೆರಡು ಮೈಕ್ರೋಫೈಬರ್ ಬಟ್ಟೆ. ಏರ್ ಪ್ಯೂರಿಫೈಯರ್ ಈ ಪಟ್ಟಿಯಲ್ಲಿ ಬೇಕೆಂದೇ ಇಲ್ಲ. ಅದರ ಮಾತು ಕೊನೆಯ ಹಂತದಲ್ಲಿ.

1. ಯಾವುದಕ್ಕೆ ಅಲರ್ಜಿ ಎಂದು ಮೊದಲು ತಿಳಿಯಿರಿ

‘ಡಸ್ಟ್ ಅಲರ್ಜಿ’ ಎಂಬುದು ಪೂರ್ತಿ ಉತ್ತರವಲ್ಲ. ನುಸಿಯೋ, ಜಿರಳೆಯೋ, ಬೆಕ್ಕು ನಾಯಿಯೋ, ಬೂಷ್ಟೋ, ಪಾರ್ಥೇನಿಯಂ ಪರಾಗವೋ ಎಂಬುದರ ಮೇಲೆ ಮುಂದಿನ ಕೆಲಸವೆಲ್ಲ ನಿಂತಿದೆ. ಬೆಕ್ಕಿನ ಅಲರ್ಜಿ ಇರುವವರು ಹಾಸಿಗೆ ಕವರ್‌ಗೆ ಹಣ ಸುರಿದು ಏನು ಬಂತು? ಅಲರ್ಜಿ ತಜ್ಞರ ಬಳಿ ಸ್ಕಿನ್ ಪ್ರಿಕ್ ಟೆಸ್ಟ್, ಅಂದರೆ ಮುಂಗೈ ಮೇಲೆ ಒಂದೊಂದು ಹನಿ ಅಲರ್ಜನ್ ಹಾಕಿ ಸಣ್ಣಗೆ ಚುಚ್ಚಿ ದದ್ದು ಏಳುವುದನ್ನು ನೋಡುವ ಪರೀಕ್ಷೆ ಮಾಡಿಸಬಹುದು. ರಕ್ತ ಪರೀಕ್ಷೆಯೂ ಇದೆ.

ಎಚ್ಚರ: ಸಿಟ್ರಿಜಿನ್‌ನಂಥ ಅಲರ್ಜಿ ಮಾತ್ರೆ ನುಂಗಿ ಹೋದರೆ ಚುಚ್ಚು ಪರೀಕ್ಷೆಯ ಫಲಿತಾಂಶ ತಪ್ಪಾಗುತ್ತದೆ. ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಎಂದು ವೈದ್ಯರನ್ನೇ ಕೇಳಿ. ಉಬ್ಬಸಕ್ಕೆ ದಿನಾ ತೆಗೆದುಕೊಳ್ಳುವ ಇನ್ಹೇಲರ್ ಮಾತ್ರ ನಿಮ್ಮಷ್ಟಕ್ಕೇ ನಿಲ್ಲಿಸಬೇಡಿ. ಪರೀಕ್ಷೆಗಾಗಲಿ, ‘ಮನೆ ಈಗ ಸ್ವಚ್ಛವಾಗಿದೆಯಲ್ಲ’ ಎಂದಾಗಲಿ.

2. ಮನೆಯ ತೇವ ಅಳೆಯಿರಿ

ನುಸಿಗೆ ನೀರು ಕುಡಿಯುವ ಬಾಯಿಲ್ಲ ಎಂದರೂ ನಡೆಯುತ್ತದೆ, ಅದು ಗಾಳಿಯ ತೇವವನ್ನೇ ಮೈಯಿಂದ ಹೀರಿಕೊಳ್ಳುತ್ತದೆ. ಕೋಣೆಯ ತೇವಾಂಶ ವಾರಗಟ್ಟಲೆ ಶೇ 50ಕ್ಕಿಂತ ಕೆಳಗೇ ಇದ್ದರೆ ಒಣಗಿ ಸಾಯುತ್ತದೆ. ಹೈಗ್ರೋಮೀಟರನ್ನು ಮಂಚದ ಪಕ್ಕ, ನೆಲಕ್ಕೆ ಹತ್ತಿರದಲ್ಲಿಟ್ಟು ಒಂದು ವಾರ ಬೆಳಗ್ಗೆ ಸಂಜೆ ಬರೆದಿಟ್ಟುಕೊಳ್ಳಿ.

ಇಲ್ಲಿ ಊರಿನ ಲೆಕ್ಕ ಬೇರೆ ಬೇರೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ನೀವೇನೂ ಮಾಡದಿದ್ದರೂ ನುಸಿ ಕಷ್ಟದಲ್ಲಿರುತ್ತದೆ. ಮಂಗಳೂರು, ಉಡುಪಿ, ಆಗುಂಬೆ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕೆ ಸುಗ್ಗಿ. ಬೆಂಗಳೂರು ನಡುವೆ ಎಲ್ಲೋ ಇದೆ. ‘ಗಾಳಿಯಾಡಲಿ’ ಎಂದು ಕರಾವಳಿಯವರು ಸುರಿಮಳೆಯಲ್ಲಿ ಕಿಟಕಿ ತೆರೆದಿಟ್ಟರೆ ಒಳಗೆ ಬರುವುದು ಒಣ ಗಾಳಿಯಲ್ಲ. ಅಂಥ ದಿನ ಎಸಿಯನ್ನು ಡ್ರೈ ಮೋಡ್‌ನಲ್ಲಿ ಕೆಲವು ಗಂಟೆ ಓಡಿಸುವುದು ಅಥವಾ ಡಿಹ್ಯುಮಿಡಿಫೈಯರ್ ಇಡುವುದು ಮೇಲು. ಇವೆರಡೂ ಇಲ್ಲದವರು ಮಲಗುವ ಕೋಣೆಯಲ್ಲಿ ಒದ್ದೆ ಬಟ್ಟೆ ಒಣಹಾಕುವುದನ್ನಾದರೂ ಬಿಡಬೇಕು. ಒಂದು ಬುಟ್ಟಿ ಬಟ್ಟೆಯ ನೀರೆಲ್ಲ ಎಲ್ಲಿಗೆ ಹೋಗುತ್ತದೆ ಯೋಚಿಸಿ: ಗೋಡೆಗೆ, ಹಾಸಿಗೆಗೆ, ಕಾರ್ಪೆಟ್‌ಗೆ.

3. ಹಾಸಿಗೆಯಿಂದ ಶುರು ಮಾಡಿ

ಹಾಸಿಗೆಗೂ ದಿಂಬಿಗೂ ಆರೂ ಕಡೆ ಮುಚ್ಚುವ, ಜಿಪ್ ಇರುವ, ಒತ್ತು ನೇಯ್ಗೆಯ ಕವರ್ ಹಾಕಿ. ಮೇಲೆ ಮಾತ್ರ ಹಾಸುವ ‘ವಾಟರ್‌ಪ್ರೂಫ್ ಪ್ರೊಟೆಕ್ಟರ್’ ಬೇರೆ, ಇದು ಬೇರೆ. ಅಂಗಡಿಯಲ್ಲಿ ಎರಡನ್ನೂ ಒಂದೇ ಎಂಬಂತೆ ಮಾರುತ್ತಾರೆ.

ಬೆಡ್‌ಶೀಟ್, ದಿಂಬಿನ ಕವರ್, ಹೊದಿಕೆಯನ್ನು ವಾರಕ್ಕೊಮ್ಮೆ ಒಗೆಯಿರಿ. 60 ಡಿಗ್ರಿ ನೀರಿಗೆ ನುಸಿ ಸಾಯುತ್ತದೆ. ನಿಮ್ಮದು ಹೀಟರ್ ಇಲ್ಲದ ಮಷಿನ್ ಆದರೆ ಚಿಂತೆಯಿಲ್ಲ: ತಣ್ಣೀರಿನ ಒಗೆತವೂ ಅಲರ್ಜನ್‌ನ ಬಹುಪಾಲು ತೊಳೆದುಹಾಕುತ್ತದೆ, ಆದರೆ ನುಸಿಗಳಲ್ಲಿ ಹೆಚ್ಚಿನವು ಬದುಕುಳಿಯುತ್ತವೆ. ಒಗೆದದ್ದನ್ನು ಚುರುಗುಟ್ಟುವ ಬಿಸಿಲಿಗೆ ಹಾಕಿದರೆ ಆ ಕೆಲಸವೂ ಆಗುತ್ತದೆ.

ಕೌದಿಯ ವಿಷಯಕ್ಕೆ ಬರೋಣ. ಉತ್ತರ ಕರ್ನಾಟಕದ ಮನೆಗಳಲ್ಲಿ ಅಜ್ಜಿ ಹೊಲಿದ ಕೌದಿಯನ್ನು ಬಿಡಿ ಎಂದರೆ ಯಾರೂ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ತೊಂದರೆ ಇರುವುದು ಅದರ ಪದರಗಳಲ್ಲಿ. ಹಳೇ ಸೀರೆ, ಧೋತರ ಪದರ ಪದರವಾಗಿ ಒತ್ತಿ ಹೊಲಿದಿರುವುದರಿಂದ ಮೇಲ್ಮೈ ಒಣಗಿದರೂ ಒಳಗೆ ತೇವ ಉಳಿಯುತ್ತದೆ. ಅಂಚಿನಲ್ಲಿ ಹೊಲಿಗೆ ದಪ್ಪವಾಗಿ ಕೂಡುವ ಮೂಲೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಅರ್ಧ ನಿಮಿಷ ಒತ್ತಿ ನೋಡಿ. ತಣ್ಣಗೆ ಅನಿಸಿದರೆ ಇನ್ನೂ ಒಣಗಿಲ್ಲ. ಅದನ್ನು ಮಡಚಿ ಟ್ರಂಕಿಗೆ ಹಾಕಿದಿರೋ, ವಾರದೊಳಗೆ ಮುಗ್ಗುಲು ವಾಸನೆ ಬರುತ್ತದೆ. ಆ ವಾಸನೆ ಬಂತೆಂದರೆ ಬೂಷ್ಟು ಆಗಲೇ ಬೆಳೆಯುತ್ತಿದೆ. ಬೇಸಿಗೆಯಲ್ಲಿ ಒಗೆದು, ತಿರುವಿ ತಿರುವಿ ಎರಡು ದಿನ ಒಣಗಿಸಿ, ಉಬ್ಬಸದವರಿಗೆ ಮಾತ್ರ ಮಳೆಗಾಲದಲ್ಲಿ ಒಗೆಯಲು ಸುಲಭವಾದ ಒಂಟಿ ಪದರದ ಹೊದಿಕೆ ಕೊಡಿ. ಉಣ್ಣೆ ಕಂಬಳಿಯನ್ನು ಬಿಸಿನೀರಿಗೆ ಹಾಕಬೇಡಿ, ಕುಗ್ಗಿ ಗಡುಸಾಗುತ್ತದೆ. ಅದಕ್ಕೆ ಬಿಸಿಲೇ ಮದ್ದು.

ಮಕ್ಕಳ ಬಟ್ಟೆ ಗೊಂಬೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಎರಡು ದಿನ ಫ್ರೀಜರ್‌ನಲ್ಲಿಟ್ಟು, ಆಮೇಲೆ ಒಗೆಯಿರಿ. ಒಗೆಯುವುದನ್ನು ಮರೆಯಬೇಡಿ: ಫ್ರೀಜರ್ ನುಸಿಯನ್ನು ಕೊಲ್ಲುತ್ತದೆ, ಹಿಕ್ಕೆಯನ್ನು ತೆಗೆಯುವುದಿಲ್ಲ.

4. ಯಾವ ಕಾರ್ಪೆಟ್ ಇರಲಿ, ಯಾವುದು ಹೋಗಲಿ

ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಎತ್ತಿ ತಾರಸಿಗೆ ಒಯ್ಯಲು ಆಗುತ್ತದೆಯೇ? ಆಗುವುದಾದರೆ ಇರಲಿ. ನೆಲಕ್ಕೆ ಅಂಟಿಸಿದ, ಗೋಡೆಯಿಂದ ಗೋಡೆಗೆ ಹಾಸಿದ ಕಾರ್ಪೆಟ್ ಉಬ್ಬಸದವರ ಮನೆಗೆ ಆಗಿಬರುವುದಿಲ್ಲ. ಕೆಳಗೆ ಸ್ಪಂಜಿನ ಪದರ ಇದ್ದರೆ ಅದರೊಳಗೆ ಇಳಿದ ತೇವ ಹೊರಬರುವ ದಾರಿಯೇ ಇಲ್ಲ.

ಎದ್ದು ನಿಂತ ಎಳೆಗಳಿರುವ, ಕಾಲಿಟ್ಟರೆ ಹೂತುಹೋಗುವ ದಪ್ಪ ರತ್ನಗಂಬಳಿಗಿಂತ ಚಪ್ಪಟೆ ನೇಯ್ಗೆಯ ಹತ್ತಿ ಜಮಖಾನ ಎಷ್ಟೋ ಪಾಲು ವಾಸಿ. ನವಲಗುಂದದ ಜಮಖಾನೆಯನ್ನೇ ನೋಡಿ. ಎಳೆ ಎದ್ದಿರುವುದಿಲ್ಲ, ಎರಡೂ ಮೈ ಹೆಚ್ಚುಕಡಿಮೆ ಒಂದೇ, ಹಗ್ಗದ ಮೇಲೆ ಹಾಕಿ ಕೋಲಿನಿಂದ ಬಡಿಯಬಹುದು, ಬಣ್ಣ ಗಟ್ಟಿಯಿದ್ದರೆ ಒಗೆಯಲೂಬಹುದು. ನಮ್ಮ ಕಡೆಯ ಹವೆಗೆ ಇದಕ್ಕಿಂತ ಜಾಣ ಹಾಸು ನನಗೆ ಕಂಡಿಲ್ಲ.

ಕಾರ್ಪೆಟ್ ತೆಗೆದ ಮೇಲೆ ಎಲ್ಲರೂ ಮಾಡುವ ತಪ್ಪೊಂದಿದೆ. ಬೋಳು ಟೈಲ್ಸ್ ಮೇಲೆ ಒಣ ಪೊರಕೆ ಆಡಿಸುತ್ತಾರೆ. ಕಾರ್ಪೆಟ್ ಒಳಗಾದರೂ ಧೂಳು ಕಚ್ಚಿಕೊಂಡು ಕೂತಿರುತ್ತದೆ. ನುಣುಪು ನೆಲದ ಧೂಳು ಪೊರಕೆಯ ಒಂದು ಬೀಸಿಗೆ ಮೂಗಿನ ಎತ್ತರಕ್ಕೆ ಏಳುತ್ತದೆ. ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಇಲ್ಲವೇ ವ್ಯಾಕ್ಯೂಮ್ ಮಾಡಿ. ಮನೆಗೆಲಸದವರಿಗೂ ಇದನ್ನು ಬಿಡಿಸಿ ಹೇಳಿ, ಸಾಧ್ಯವಾದರೆ ಅವರಿಗೂ ಒಂದು ಮಾಸ್ಕ್ ಕೊಡಿ.

5. ವ್ಯಾಕ್ಯೂಮ್ ಮಾಡುವ ಕ್ರಮ

ವಾರಕ್ಕೆ ಎರಡು ಸಲ ಸಾಕು. ಉಬ್ಬಸ ಇರುವವರು ಆ ಹೊತ್ತಿಗೆ ಕೋಣೆಯಲ್ಲಿ ಇರಬಾರದು. ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಎನ್95 ಮಾಸ್ಕ್ ಹಾಕಿಕೊಂಡು ಮಾಡಬೇಕು. ಬಾಯಿಗೆ ಸುತ್ತಿದ ದುಪಟ್ಟಾ ಸಾಲದು. ಮುಗಿದ ಮೇಲೆ ಅರ್ಧ ಗಂಟೆ ಕೋಣೆ ಬಿಟ್ಟಿರಿ. ನುಸಿಯ ಹಿಕ್ಕೆ 10ರಿಂದ 40 ಮೈಕ್ರಾನ್ ಗಾತ್ರದ್ದು, ಭಾರ ಹೆಚ್ಚು, ಆ ಅವಧಿಯಲ್ಲಿ ಬಹುಪಾಲು ಕೆಳಗಿಳಿಯುತ್ತದೆ. ಬೆಕ್ಕಿನ ಅಲರ್ಜನ್ ಹಾಗಲ್ಲ, ತೀರಾ ಸಣ್ಣ ಕಣಗಳಿಗೂ ಅಂಟಿಕೊಂಡು ಗಂಟೆಗಟ್ಟಲೆ ತೇಲುತ್ತಿರುತ್ತದೆ. ಬೆಕ್ಕನ್ನು ಬೇರೆಯವರಿಗೆ ಕೊಟ್ಟ ಮೇಲೂ ಕಾರ್ಪೆಟ್‌ನಲ್ಲಿ ಅದು ತಿಂಗಳುಗಟ್ಟಲೆ ಉಳಿಯುತ್ತದೆ.

ಕೈ ನಿಧಾನ ಇರಲಿ. ಮೀಟರ್ ಉದ್ದವನ್ನು ಐದಾರು ಸೆಕೆಂಡಿನಲ್ಲಿ ಎಳೆಯಿರಿ, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಸೋಫಾದ ಕಾಲಿನ ಸುತ್ತ, ಕಾರ್ಪೆಟ್ ಅಂಚು ಮಡಿಸಿದ ಜಾಗ, ಟೀವಿ ಎದುರು ಮಕ್ಕಳು ಕೂತು ತಿಂಡಿ ತಿನ್ನುವ ಮೂಲೆ, ಈ ಮೂರಕ್ಕೆ ಎರಡು ಪಟ್ಟು ಹೊತ್ತು ಕೊಡಿ. ತಿಂಗಳಿಗೊಮ್ಮೆ ಮಗುಚಿಹಾಕಿ ಹಿಂಬದಿಯನ್ನೂ ಎಳೆಯಿರಿ. ಎಳೆಗಳ ಬುಡದಲ್ಲಿ ಕೂತಿದ್ದ ಸಣ್ಣ ಮರಳು ಆಗ ನೆಲಕ್ಕೆ ಉದುರಿರುವುದು ಕಾಣುತ್ತದೆ.

ಮಷಿನ್ ಕೊಳ್ಳುವಾಗ ‘ಹೆಪಾ’ ಎಂಬ ಚೀಟಿ ಸಾಲದು. ಒಳಗಿನ ಗಾಳಿಯೆಲ್ಲ ಫಿಲ್ಟರ್ ದಾಟಿಯೇ ಹೊರಬರುವಂತೆ ಸೀಲ್ ಆಗಿರಬೇಕು, ಇಲ್ಲದಿದ್ದರೆ ಮುಂದೆ ಹೀರಿದ್ದನ್ನು ಹಿಂದೆ ಉಗುಳುತ್ತದೆ. ‘ಹೆಪಾ ಟೈಪ್’, ‘ಹೆಪಾ ಲೈಕ್’ ಎಂದು ಬರೆದಿದ್ದರೆ ಅದು ಹೆಪಾ ಅಲ್ಲ ಎಂದೇ ಅರ್ಥ. ಚೀಲ ಇರುವ ಮಾದರಿ ಉಬ್ಬಸದವರಿಗೆ ಒಳ್ಳೆಯದು. ಚೀಲವಿಲ್ಲದ ಡಬ್ಬಿಯನ್ನು ಕೊಡವಿ ಖಾಲಿ ಮಾಡುವ ಗಳಿಗೆಯಲ್ಲೇ ಎಷ್ಟೋ ಜನಕ್ಕೆ ಸೀನು, ಕೆಮ್ಮು ಶುರುವಾಗುತ್ತದೆ.

ಮನೆಗೇ ಬಂದು ಡೆಮೊ ಕೊಡುವವರ ವಿಷಯ. ನಿಮ್ಮ ಹಾಸಿಗೆಯಿಂದ ಕಪ್ಪು ಬಟ್ಟೆಯ ಮೇಲೆ ಬಿಳಿ ಪುಡಿ ಎಳೆದು ತೋರಿಸುತ್ತಾರೆ, ಮನೆಯವರ ಮುಖ ಬಿಳಿಚಿಕೊಳ್ಳುತ್ತದೆ, ಚೆಕ್ ಬುಕ್ ಹೊರಬರುತ್ತದೆ. ಯಾವ ಮನೆಯ ಯಾವ ಹಾಸಿಗೆಯಿಂದ ಎಳೆದರೂ ಅಷ್ಟು ಪುಡಿ ಬರುತ್ತದೆ. ಅದು ಧೂಳಿದೆ ಎಂಬುದಕ್ಕೆ ಸಾಕ್ಷಿಯೇ ಹೊರತು ಆ ದುಬಾರಿ ಮಷಿನ್ನೇ ಬೇಕು ಎಂಬುದಕ್ಕಲ್ಲ.

6. ಬಿಸಿಲಿಗೆ ಹಾಕಿ

ನಮಗೆ ಬಿಟ್ಟಿ ಸಿಗುವ ಅತಿ ಒಳ್ಳೆಯ ಉಪಾಯ ಇದು, ಆದರೆ ಅರ್ಧಂಬರ್ಧ ಮಾಡುವವರೇ ಹೆಚ್ಚು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 1990ರ ದಶಕದಲ್ಲಿ ನಡೆದ ಪ್ರಯೋಗವೊಂದರಲ್ಲಿ ಕಾರ್ಪೆಟ್‌ಗಳನ್ನು ಬೇಸಿಗೆಯ ನೇರ ಬಿಸಿಲಿಗೆ ಹಾಕಿದಾಗ ಅವುಗಳಲ್ಲಿದ್ದ ನುಸಿಗಳೆಲ್ಲ ಸತ್ತಿದ್ದವು. ಕೊಲ್ಲುವುದು ಶಾಖ ಮತ್ತು ಒಣತನ ಎರಡೂ ಸೇರಿ.

ಬೆಳಗ್ಗೆ ಹತ್ತಕ್ಕೆ ಕಾದ ಸಿಮೆಂಟ್ ತಾರಸಿಯ ಮೇಲೆ ಎಳೆ ಇರುವ ಮುಖ ಕೆಳಗಾಗಿ ಹಾಸಿ. ನೆಲದ ಕಾವು ಎಳೆಗಳಿಗೆ, ಬಿಸಿಲು ಬೆನ್ನಿಗೆ. ಮೂರು ಗಂಟೆಯವರೆಗೆ ಬಿಡಿ. ಆಮೇಲೆ ಹಗ್ಗ ಅಥವಾ ಪ್ಯಾರಪೆಟ್ ಮೇಲೆ ಇಳಿಬಿಟ್ಟು, ಉಬ್ಬಸ ಇಲ್ಲದವರೊಬ್ಬರು ಗಾಳಿ ಬೀಸುವ ಕಡೆಗೆ ಬೆನ್ನು ಹಾಕಿ ನಿಂತು ಬಡಿಯಲಿ, ಕೊನೆಗೆ ವ್ಯಾಕ್ಯೂಮ್. ಬಡಿಯುವುದನ್ನು ಬಿಟ್ಟರೆ ಸತ್ತ ನುಸಿ, ಹಿಕ್ಕೆ ಎಲ್ಲ ಹಾಗೇ ಮನೆಗೆ ವಾಪಸ್ ಬಂದಂತೆ. ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ ಮಾತ್ರ ಬಡಿಯಬೇಡಿ. ಧೂಳು ಕೆಳಗಿನ ಮನೆಗೂ ಹೋಗುತ್ತದೆ, ನಿಮ್ಮ ಮನೆಗೂ ತಿರುಗಿ ಬರುತ್ತದೆ.

ಯುಗಾದಿಯ ಮುಂಚಿನ ವಾರಗಳು ಇದಕ್ಕೆ ಹೇಳಿ ಮಾಡಿಸಿದ ಕಾಲ. ಆಗಲೇ ಅಟ್ಟದ ಸಾಮಾನನ್ನೂ ಇಳಿಸುತ್ತೀರಲ್ಲ, ಆ ದಿನ ಉಬ್ಬಸದ ಮಗುವನ್ನು ನೆಂಟರ ಮನೆಗೆ ಕಳಿಸಿ. ಹಬ್ಬದ ಹಿಂದಿನ ದಿನ ನೆಬ್ಯುಲೈಸರ್ ಹುಡುಕಿಕೊಂಡು ಓಡುವುದು ತಪ್ಪುತ್ತದೆ.

7. ನೀರು, ಶಾಂಪೂ, ಸ್ಟೀಮ್

ಒಂದೇ ನಿಯಮ: 24 ಗಂಟೆಯಲ್ಲಿ, ಬಹಳವೆಂದರೆ 48 ಗಂಟೆಯಲ್ಲಿ ಬುಡದವರೆಗೆ ಒಣಗಬೇಕು. ಒಣಗಿಸಲು ಆಗದಿದ್ದರೆ ನೀರು ಹಾಕಲೇಬೇಡಿ. ಮಳೆಗಾಲದಲ್ಲಿ ರಿಯಾಯಿತಿ ದರದ ‘ಕಾರ್ಪೆಟ್ ಶಾಂಪೂ’ ಜಾಹೀರಾತು ಬಂದರೆ ಕಣ್ಣುಮುಚ್ಚಿಕೊಳ್ಳಿ. ಸ್ಟೀಮ್‌ನ ಶಾಖಕ್ಕೆ ನುಸಿ ಸಾಯುವುದು ನಿಜ, ಆದರೆ ತೇವ ಬಿಟ್ಟುಹೋದರೆ ಉಳಿದವಕ್ಕೆ ಹಬ್ಬ.

ಚಹಾ ಚೆಲ್ಲಿದರೆ ಉಜ್ಜದೆ ಒಣ ಬಟ್ಟೆಯಿಂದ ಒತ್ತಿ ಹೀರಿಸಿ, ಫ್ಯಾನ್ ಹಾಕಿ. ಬೂಷ್ಟು ಹಿಡಿದು ಕಪ್ಪು ಚುಕ್ಕೆ ಬಿದ್ದ ಕಾರ್ಪೆಟನ್ನು ಉಳಿಸಿಕೊಳ್ಳುವ ಸಾಹಸ ಬೇಡ, ಪ್ಲಾಸ್ಟಿಕ್‌ನಲ್ಲಿ ಸುತ್ತಿ ಹೊರಹಾಕಿ. ಘಮಘಮಿಸುವ ಕಾರ್ಪೆಟ್ ಪೌಡರ್‌ಗಳೂ ಬೇಡ; ಪುಡಿ ಪೂರ್ತಿ ಹೊರಬರುವುದಿಲ್ಲ, ಸುಗಂಧವೇ ಶ್ವಾಸನಾಳ ಕೆರಳಿಸಬಲ್ಲದು. ನುಸಿ ಕೊಲ್ಲುವ ಸ್ಪ್ರೇಗಳ ಮೇಲೂ ನನಗೆ ಹೆಚ್ಚು ನಂಬಿಕೆಯಿಲ್ಲ.

8. ಹೊಗೆ ನಿಲ್ಲಿಸಿ

ಕಾರ್ಪೆಟ್ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳುವ ಮನೆಗಳಲ್ಲೇ ಸಂಜೆಯಾದರೆ ಕಿಟಕಿ ಮುಚ್ಚಿ ಸೊಳ್ಳೆ ಬತ್ತಿ ಹಚ್ಚುತ್ತಾರೆ. ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದಾಗ ಬರುವ ಸೂಕ್ಷ್ಮ ಕಣ 75ರಿಂದ 137 ಸಿಗರೇಟಿಗೆ ಸಮ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಕಿಟಕಿಗೆ ಜಾಲರಿ, ಮಂಚಕ್ಕೆ ಸೊಳ್ಳೆ ಪರದೆ ಹಾಕಿಸಿ. ಪರದೆಯನ್ನೂ ಆಗಾಗ ಒಗೆಯಬೇಕು.

ಊದಿನಕಡ್ಡಿ, ಸಾಂಬ್ರಾಣಿ ಹೊಗೆಯೂ ಇದೇ ಜಾತಿಗೆ ಸೇರಿದ್ದು. ದೇವರ ಮುಂದೆ ತುಪ್ಪದ ದೀಪ, ಹೂವು ಇಟ್ಟರೆ ಪೂಜೆಗೆ ಊನವೇನಿಲ್ಲ ಎಂದು ಹಿರಿಯರನ್ನು ಒಪ್ಪಿಸುವುದು ಈ ಲೇಖನದ ಎಲ್ಲ ಹಂತಗಳಿಗಿಂತ ಕಷ್ಟ ಎಂಬುದು ನನಗೂ ಗೊತ್ತು. ಒಪ್ಪದಿದ್ದರೆ ಬಾಗಿಲಾಚೆ, ತುಳಸಿಕಟ್ಟೆಯ ಬಳಿ ಹಚ್ಚಲಿ. ಒಣಮೆಣಸಿನಕಾಯಿ ಒಗ್ಗರಣೆ ಹಾಕುವ ಮುಂಚೆಯೇ ಎಕ್ಸಾಸ್ಟ್ ಫ್ಯಾನ್ ಓಡುತ್ತಿರಲಿ. ಜಿರಳೆಗೆ ಸ್ಪ್ರೇ ಹೊಡೆಯುವ ಬದಲು ಮೂಲೆಗಳಲ್ಲಿ ಜೆಲ್ ಇಡಿ.

9. ಏರ್ ಪ್ಯೂರಿಫೈಯರ್ ಬೇಕೆ?

ನಿಮ್ಮದು ನುಸಿ ಅಲರ್ಜಿ ಮಾತ್ರ ಆಗಿದ್ದರೆ ಇದರಿಂದ ದೊಡ್ಡ ಲಾಭವಿಲ್ಲ. ಹಾಸಿಗೆ, ಕಾರ್ಪೆಟ್ ಒಳಗೆ ಕೂತಿರುವುದನ್ನು ಅದು ಎಳೆದು ತೆಗೆಯಲಾರದು. ಬೆಕ್ಕು, ಪರಾಗ, ಹೊಗೆ, ರಸ್ತೆ ಧೂಳು ತೊಂದರೆ ಕೊಡುತ್ತಿದ್ದರೆ ಉಪಯೋಗವಿದೆ. ಕೊಳ್ಳುವುದಾದರೆ ‘ಸಿಎಡಿಆರ್’ ನೋಡಿ, ಅಂದರೆ ಗಂಟೆಗೆ ಎಷ್ಟು ಘನಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂಬ ಅಂಕಿ. 10 ಅಡಿಗೆ 12 ಅಡಿಯ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನಮೀಟರ್ ಗಾಳಿ ಇರುತ್ತದೆ. ಗಂಟೆಗೆ ಐದು ಸಲ ಸೋಸಬೇಕೆಂದರೆ 170 ಬೇಕು. ಓಜೋನ್ ಬಿಡುವ ಯಂತ್ರ ಯಾರು ಬಿಟ್ಟಿ ಕೊಟ್ಟರೂ ಬೇಡ. ಓಜೋನ್ ಸ್ವತಃ ಶ್ವಾಸಕೋಶಕ್ಕೆ ಕಿರಿಕಿರಿ.

ಪರದೇಶದ ಬಾಡಿಗೆ ಮನೆಯವರಿಗೆ

ಅಮೆರಿಕ, ಬ್ರಿಟನ್‌ನಿಂದ ಬರೆಯುವವರ ಗೋಳು ಬೇರೆ: ಕಾರ್ಪೆಟ್ ಮನೆಯೊಡೆಯನದು, ಗೋಡೆಯಿಂದ ಗೋಡೆಗೆ ಇದೆ, ಕೀಳುವ ಹಾಗಿಲ್ಲ. ಮನೆ ನೋಡುವಾಗಲೇ ಮಲಗುವ ಕೋಣೆಗೆ ಮರದ ಅಥವಾ ವಿನೈಲ್ ನೆಲ ಇರುವುದನ್ನು ಕೇಳಿ. ಹಿಂದಿನ ಬಾಡಿಗೆದಾರರು ಬೆಕ್ಕು ನಾಯಿ ಸಾಕಿದ್ದರೇ ಎಂದೂ ವಿಚಾರಿಸಿ. ಹೊಸ ಕಾರ್ಪೆಟ್ ಹಾಕಿಸಿಕೊಟ್ಟರೆ ಖುಷಿಪಡುವ ಮುಂಚೆ ಮೂರು ದಿನ ಕಿಟಕಿ ತೆರೆದಿಟ್ಟು ಆಮೇಲೆ ಒಳಗೆ ಮಲಗಿ. ಆ ‘ಹೊಸ ವಾಸನೆ’ ಬೆನ್ನಿನ ರಬ್ಬರ್ ಪದರ, ಅಂಟುಗಳಿಂದ ಬರುವ ರಾಸಾಯನಿಕ ಆವಿ. ಚಳಿಗಾಲದಲ್ಲಿ ಹೀಟರ್‌ನಿಂದ ಗಾಳಿ ಒಣಗಿತೆಂದು ಹ್ಯುಮಿಡಿಫೈಯರ್ ಇಟ್ಟು ತೇವಾಂಶವನ್ನು ಶೇ 50 ದಾಟಿಸಬೇಡಿ. ಹೊಸ್ತಿಲಲ್ಲೇ ಚಪ್ಪಲಿ ಬಿಡುವ ನಮ್ಮ ಪದ್ಧತಿಯನ್ನು ಅಲ್ಲಿಯ ಅತಿಥಿಗಳಿಗೂ ಸಂಕೋಚವಿಲ್ಲದೆ ಹೇಳಿ.

ಇವುಗಳಲ್ಲಿ ಒಂದನ್ನಷ್ಟೇ ಮಾಡಿ ಫಲಿತಾಂಶ ನಿರೀಕ್ಷಿಸಬೇಡಿ. ಅಮೆರಿಕದ ಅಸ್ತಮಾ ಮಾರ್ಗಸೂಚಿಯ 2020ರ ಪರಿಷ್ಕರಣೆಯೂ ಹಾಸಿಗೆ ಕವರ್ ಮಾತ್ರ ಸಾಲದು, ಅಲರ್ಜಿ ಖಚಿತವಾಗಿರುವವರು ಹಲವು ಕ್ರಮಗಳನ್ನು ಒಟ್ಟಿಗೆ ಮಾಡಬೇಕು ಎಂದೇ ಹೇಳುತ್ತದೆ. ಮೂರು ನಾಲ್ಕು ತಿಂಗಳು ಬಿಡದೆ ಮಾಡಿ, ರಾತ್ರಿ ಕೆಮ್ಮಿಗೆ ಎಷ್ಟು ಸಲ ಎಚ್ಚರವಾಯಿತು ಎಂದು ಕ್ಯಾಲೆಂಡರ್ ಮೇಲೆ ಗುರುತು ಹಾಕುತ್ತಾ ಹೋಗಿ. ತಕ್ಷಣ ಉಸಿರು ಬಿಡಿಸುವ ಇನ್ಹೇಲರ್ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ ಉಬ್ಬಸ ಹತೋಟಿಯಲ್ಲಿಲ್ಲ ಎಂದರ್ಥ. ಆ ಕ್ಯಾಲೆಂಡರನ್ನೇ ತೆಗೆದುಕೊಂಡು ವೈದ್ಯರ ಬಳಿ ಹೋಗಿ.